ನಾವು ಯಾವ ದೇಶದವರು?



ದಾವಣಗೆರೆಯ ಮಂಡಿಪೇಟೆಗೆ ನಮ್ಮಲ್ಲಿ ಹೋಗದವರು ಯಾರು? ಮೂಟೆಯನ್ನು ತಕ್ಕಡಿಗೆ ಏರಿಸಿದಾಗ, ಇದನ್ನು ಬೆಳೆದವನು ಎಲ್ಲಿ ಪ್ರಾರ್ಥಿಸುವವನೆಂದು ತಕ್ಕಡಿಯು ಕೇಳುವದಿಲ್ಲ. ತೂಕವನ್ನು ಮಾತ್ರ ಹೇಳುತ್ತದೆ. ಆದರೆ ಮನುಷ್ಯರು ಕೇಳುತ್ತಾರೆ. ನಾವು ಕ್ರೈಸ್ತರೆಂದು ತಿಳಿದ ಕೂಡಲೆ, ನೀವು ಪರದೇಶದವರ ಮತಕ್ಕೆ ಸೇರಿದವರಲ್ಲವೇ ಅನ್ನುವವರುಂಟು. ಆಗ ನಮ್ಮಲ್ಲಿ ಕೆಲವರು, ಹಾಗೆ ಸೇರಿದವರು ನಾವಲ್ಲ, ಪೋಪರಿಗೆ ಅಧೀನರಾದ ಕಥೋಲಿಕರು ಎಂದು ಬೆರಳು ತೋರಿಸುತ್ತಾರೆ. ಕಥೋಲಿಕರಲ್ಲಿ ಕೆಲವರು, ಬಿಳಿಯ ದೊರೆಗಳ ಕಾಲದಲ್ಲಿ ಬಂದ ಮತವು ಪ್ರಾಟೆಸ್ಟಂಟರದೇ ಎಂದು ನಮ್ಮನ್ನು ತೋರಿಸುತ್ತಾರೆ. ಹೀಗೆ ಒಬ್ಬರನ್ನೊಬ್ಬರು ದೂಡುತ್ತಾ ಇಬ್ಬರೂ ಮನೆಯ ಹೊರಗೆ ನಿಲ್ಲುವದು ಬುದ್ಧಿಯೋ? ಈ ವಿಷಯದಲ್ಲಿ ಹಿಂದೆ ನಡೆದದ್ದನ್ನು ವಿಚಾರಿಸೋಣ.

1. ಭೇದವು ಹುಟ್ಟಿದ್ದು.

1930ರಲ್ಲಿ ಲಂಡನಿನಲ್ಲಿ ದುಂಡು ಮೇಜಿನ ಪರಿಷತ್ತು ಕೂಡಿತು. ಕ್ರೈಸ್ತರು ಕ್ರೈಸ್ತರಿಗೇ ಮತ ಕೊಡುವಂತೆ ಪ್ರತ್ಯೇಕ ಚುನಾವಣೆ ಬೇಕೋ ಬೇಡವೋ ಎಂಬ ಪ್ರಶ್ನೆಯು ಅಲ್ಲಿ ಎದ್ದಿತು. ಸೇಲಮಿನ ಪ್ರಾಟೆಸ್ಟಂಟರಾದ ಕೆ. ಟಿ. ಪಾಲ್ ಎಂಬವರು ಬೇಡವೆಂದರು. 1931ರ ಎರಡನೆಯ ಪರಿಷತ್ತಿನಲ್ಲಿ ಎಸ್. ಕೆ. ದತ್ತರು ಅದೇ ಪಕ್ಷವನ್ನು ಹಿಡಿದರು. ಕಥೋಲಿಕರಾದ ಎ. ಟಿ. ಪನ್ನೀರ್‌ಸೆಲ್ವಂ ಎಂಬವರು ಬೇಕೆಂದರು. ಆ ವರುಷ ಅಲ್ಪಸಂಖ್ಯಾತರ ಒಪ್ಪಂದಕ್ಕೆ ಇವರು ರುಜು ಹಾಕಿದರು, ದತ್ತರು ಹಾಕಲಿಲ್ಲ. 1932ರಲ್ಲಿ ಬ್ರಿಟಿಷ್ ಪ್ರಧಾನಿಯು ಪ್ರತ್ಯೇಕ ಚುನಾವಣೆಯನ್ನೇ ತೀರ್ಮಾನಿಸಿದನು. ಅದು 1935ರ ಶಾಸನದಲ್ಲಿ ಸೇರಿತು. ಹರಿಹರವು ಆಗ ಮೈಸೂರು ಸಂಸ್ಥಾನದಲ್ಲಿತ್ತು. ತುಂಗಭದ್ರೆಯ ಆಚೇ ದಡವಾದರೋ ಬೊಂಬಾಯಿ ಪ್ರಾಂತ್ಯ. ಆ ಶಾಸನದಿಂದ ಬೊಂಬಾಯಿಯ ಶಾಸನಸಭೆಯಲ್ಲಿ ಭಾರತೀಯ ಕ್ರೈಸ್ತರಿಗೆ 3 ಸ್ಥಾನಗಳು ದೊರೆತವು.

2. ಎರಡು ಕಡೆಯ ಮಾತು.

ಬೇಕೆಂದವರ ಭಯವನ್ನು ಹೀನವೆಂದು ಎಣಿಸಬಾರದು. ಊರೂರಿಗೆ ನಾಲ್ಕಾರು ಮನೆಗಳಾಗಿ ಚದರಿದ ಜನರು ಸಾಮಾನ್ಯ ಚುನಾವಣೆಯಲ್ಲಿ ಗೆಲ್ಲುವದು ಹೇಗೆ? ಅವರ ಮೊರೆಯನ್ನು ಸಭೆಯಲ್ಲಿ ಹೇಳುವವರಾರು? ಬೇಡವೆಂದವರ ಉತ್ತರವು ಇದು: ನೆರೆಯವನ ಮತವು ಬೇಡವಾದವನಿಗೆ ಕ್ರಮೇಣ ನೆರೆಯವನ ಕಷ್ಟವೂ ಬೇಡವಾಗುವದು, ಬೇಲಿಯು ನಮ್ಮನ್ನು ಕಾಯುವದಷ್ಟೇ ಅಲ್ಲ, ಒಂಟಿಯಾಗಿಯೂ ಮಾಡುವದು.

ಆದರೂ ಕಥೋಲಿಕರೆಲ್ಲರು ಒಂದು ಕಡೆ, ಪ್ರಾಟೆಸ್ಟಂಟರೆಲ್ಲರು ಇನ್ನೊಂದು ಕಡೆ ಎಂದು ತಿಳಿಯಬೇಡಿರಿ. ನಮ್ಮ ಕರಾವಳಿಯ ಕಥೋಲಿಕರಾದ ಜೋಕಿಂ ಆಳ್ವರು ಸ್ವಾತಂತ್ರ್ಯಕ್ಕಾಗಿ ಸೆರೆಮನೆಯನ್ನು ಸೇರಿದರು. ಅವರ ಪತ್ನಿ ವಯಲೆಟ್ ಎಂಬವರು ಇಂಗ್ಲೆಂಡ್ ಸಭೆಯ ಭಾರತೀಯ ಪಾಲಕರೊಬ್ಬರ ಮಗಳು. 1943ರಲ್ಲಿ ಎಳೆಗೂಸನ್ನು ಎತ್ತಿಕೊಂಡೇ ಸೆರೆಗೆ ಹೋದರು. ಒಂದೇ ಮನೆಯಲ್ಲಿ ಎರಡು ಸಭೆಗಳು, ಒಂದೇ ದೇಶಪ್ರೀತಿ!

3. ಒಂದಾದದ್ದು.

ಸ್ವಾತಂತ್ರ್ಯ ಬಂದ ಮೇಲೆ ರಾಜ್ಯಾಂಗ ಸಭೆಯಲ್ಲಿ ಈ ಎರಡು ಕೈಗಳು ಕೂಡಿದವು. ಅದರ ಉಪಾಧ್ಯಕ್ಷರೂ ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರೂ ಬಂಗಾಳದ ಕ್ರೈಸ್ತರಾದ ಹರೇಂದ್ರ ಕುಮಾರ ಮುಖರ್ಜಿಯವರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ ಜೆರೋಮ್ ಡಿಸೋಜರು ಸದಸ್ಯರು. 1949ರ ಮೇ ತಿಂಗಳಲ್ಲಿ ಮತದ ಆಧಾರದ ಮೀಸಲು ಸ್ಥಾನಗಳನ್ನು ಬಿಟ್ಟುಬಿಡುವ ನಿರ್ಣಯಕ್ಕೆ ಇಬ್ಬರೂ ಸಮ್ಮತಿಸಿದರು. ಅದಕ್ಕೆ ಮುಂಚೆ 1948ರ ಡಿಸೆಂಬರಿನಲ್ಲಿ ಮತವನ್ನು ಅವಲಂಬಿಸುವದು, ಆಚರಿಸುವದು, ಪ್ರಚಾರ ಮಾಡುವದು ಎಲ್ಲರ ಹಕ್ಕೆಂದು ಸಭೆಯು ಒಪ್ಪಿತ್ತು. ಅದು ಈಗ ರಾಜ್ಯಾಂಗದ 25ನೆಯ ವಿಧಿಯಲ್ಲಿದೆ. ಪ್ರಚಾರವೆಂಬ ಮಾತು ಇರಲೆಂದು ವಾದಿಸಿದವರಲ್ಲಿ ಹಿಂದೂ ಸದಸ್ಯರೂ ಇದ್ದರೆಂಬದನ್ನು ಮರೆಯಬಾರದು.

ಸ್ಥಾನಗಳನ್ನು ಬಿಟ್ಟದ್ದರಿಂದ ನಷ್ಟವೇ ಇಲ್ಲವೆಂದು ನಾವು ಹೇಳಲಾರೆವು. ಸ್ವಲ್ಪ ಜನರ ಧ್ವನಿಯು ಇಂದಿಗೂ ಸಣ್ಣದೇ. ಆದರೆ ಬೇಲಿ ಬಿಟ್ಟವರಿಗೆ ಬೀದಿಯೆಲ್ಲಾ ಸಿಕ್ಕಿತು.

4. ನಮಗೆ ಬುದ್ಧಿವಾದ.

ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಪತ್ರಿಕೆಯನ್ನು ಅವನ ಗ್ರಂಥದ 29ನೆಯ ಅಧ್ಯಾಯದಲ್ಲಿ ಓದಿರಿ. ಪರರ ಪಟ್ಟಣದಲ್ಲಿದ್ದವರೇ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕಾಗಿದ್ದರೆ, ಹುಟ್ಟಿದ ಮಣ್ಣಿನಲ್ಲಿರುವ ನಾವು ಎಷ್ಟು ಹೆಚ್ಚಾಗಿ ಪ್ರಾರ್ಥಿಸಬೇಕು! ಹರಿಹರದ ಆರೋಗ್ಯ ಮಾತೆಯ ಉತ್ಸವಕ್ಕೆ ಸೆಪ್ಟೆಂಬರಿನಲ್ಲಿ ನಾನಾ ಮತದ ಜನರು ಬರುತ್ತಾರೆ. ಅಲ್ಲಿನ ಕೆಲವು ಆಚಾರಗಳನ್ನು ನಾವು ಒಪ್ಪುವದಿಲ್ಲ, ನಿಜ. ಬೋಧನೆಯ ಭೇದವು ಬೋಧನೆಯ ಭೇದವಾಗಿಯೇ ಇರಲಿ. ಅದನ್ನು ದೇಶದ್ರೋಹದ ಅಪವಾದವಾಗಿ ಮಾಡಬಾರದು. ನೆರೆಯ ಕಥೋಲಿಕನ ಮೇಲೆ ನಾವು ಹೊರಿಸುವ ಅಪವಾದವು ನಾಳೆ ನಮ್ಮ ಬಾಗಲಿಗೇ ಬರುವದು. ಆದದರಿಂದ ಇನ್ನು ಮೇಲೆ ಯಾರಾದರೂ ಮಂಡಿಪೇಟೆಯಲ್ಲಿ ಆ ಪ್ರಶ್ನೆಯನ್ನು ಕೇಳಿದರೆ, ನಾವೂ ಈ ನಾಡಿನವರು, ಅವರೂ ಈ ನಾಡಿನವರು ಎಂದು ಶಾಂತವಾಗಿ ಉತ್ತರ ಕೊಡೋಣ. ಸರಿಯಾದ ತೂಕದಿಂದಲೂ ನಿಜವಾದ ಮಾತಿನಿಂದಲೂ ಅದನ್ನು ತೋರಿಸೋಣ.

ಮನೆಯಲ್ಲಿ ಯೋಚಿಸತಕ್ಕ ಪ್ರಶ್ನೆಗಳು:

(1) ಪ್ರತ್ಯೇಕ ಚುನಾವಣೆಯನ್ನು ಕೇಳಿದವರ ಭಯವೇನು? ಬೇಡವೆಂದವರ ಉತ್ತರವೇನು?
(2) 1949ರಲ್ಲಿ ಬಿಟ್ಟುಕೊಟ್ಟದ್ದು ಯಾವದು? ರಾಜ್ಯಾಂಗದಲ್ಲಿ ದೊರೆತದ್ದು ಯಾವದು?
(3) ನಮ್ಮ ಊರಿನ ಕ್ಷೇಮಕ್ಕಾಗಿ ಕಥೋಲಿಕರ ಸಂಗಡ ಕೂಡಿ ಈ ವರುಷ ಮಾಡಬಹುದಾದ ಒಂದು ಕೆಲಸ ಯಾವದು?