ಬಾಲನಟನ ಗಳಿಕೆ: ಯಾರ ಹೆಸರಿನಲ್ಲಿ, ಎಷ್ಟು ಕಾಲ

ಹಣಕಾಸಿನ ದೃಷ್ಟಿಯಿಂದ ಬಾಲನಟನ ವೃತ್ತಿಜೀವನವು ಉಳಿದ ದುಡಿಮೆಗಾರರ ವೃತ್ತಿಜೀವನಕ್ಕೆ ತಲೆಕೆಳಗಾಗಿರುತ್ತದೆ. ಸರ್ಕಾರಿ ಗುಮಾಸ್ತನಿರಲಿ, ಕಾರ್ಖಾನೆಯ ಕೆಲಸಗಾರನಿರಲಿ, ಇಪ್ಪತ್ತರ ಆಸುಪಾಸಿನಲ್ಲಿ ಸಣ್ಣ ಸಂಬಳದಿಂದ ಆರಂಭಿಸಿ, ಬಡ್ತಿ ಮತ್ತು ತುಟ್ಟಿಭತ್ಯೆಗಳ ಬಲದಿಂದ ಮೇಲೇರುತ್ತ, ನಿವೃತ್ತಿಗೆ ಕೆಲವು ವರ್ಷ ಮೊದಲು ಅತಿ ಹೆಚ್ಚಿನ ಸಂಬಳ ಎಣಿಸುತ್ತಾನೆ. ಬಾಲನಟನಾದರೋ ಏಳೆಂಟು ವರ್ಷದವನಿದ್ದಾಗಲೇ ಜೀವಮಾನದ ಅತಿ ದೊಡ್ಡ ಸಂಭಾವನೆಯನ್ನು ಕಂಡು, ಮೀಸೆ ಚಿಗುರುವ ಹೊತ್ತಿಗೆ ಕೆಲಸವಿಲ್ಲದವನಾಗಿ, ಮುಂದೆಯೂ ನಟನೆಯಲ್ಲೇ ಉಳಿದರೆ ಸಣ್ಣಪುಟ್ಟ ಪಾತ್ರಗಳ ಅನಿಯತ ಆದಾಯದ ಮೇಲೆ ದಶಕಗಳನ್ನು ಕಳೆಯಬೇಕಾಗುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಅವನ ಬಾಲ್ಯದ ಗಳಿಕೆಯನ್ನು ಬಂದ ವರ್ಷವೇ ಖರ್ಚು ಮಾಡಬಹುದಾದ ಆದಾಯವೆಂದು ಭಾವಿಸದೆ, ಇಡೀ ಬದುಕಿಗಾಗಿ ಮುಂಗಡವಾಗಿ ಕೈಸೇರಿದ ಮೂಲಧನವೆಂದು, ಎಂದರೆ ಅಸಲನ್ನು ಮುಟ್ಟದೆ ಅದರ ಫಲವನ್ನು ಮಾತ್ರ ಅನುಭವಿಸಬೇಕಾದ ಹಣವೆಂದು, ಪರಿಗಣಿಸುವುದು ಸರಿಯಾದ ಲೆಕ್ಕ. ಎಷ್ಟು ಉಳಿಸಬೇಕು, ಎಲ್ಲಿ ಹೂಡಬೇಕು ಎಂಬ ಪ್ರಶ್ನೆಗಳು ಈ ವಿಷಯದಲ್ಲಿ ಎರಡನೆಯ ಸಾಲಿನವು. ಹಣ ಕಾನೂನಿನ ಪ್ರಕಾರ ಯಾರದು ಎಂಬುದೇ ಮೊದಲನೆಯ ಪ್ರಶ್ನೆ.

ಈ ಮೊದಲನೆಯ ಪ್ರಶ್ನೆಯನ್ನು ಲೋಕದ ಮುಂದೆ ಎತ್ತಿದವನು ಅಮೆರಿಕದ ನಟ ಜಾಕಿ ಕೂಗನ್. 1914ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ರಂಗಮಂಚವನ್ನೇ ನಂಬಿದ್ದ ಕುಟುಂಬದಲ್ಲಿ ಹುಟ್ಟಿದ ಈ ಹುಡುಗನನ್ನು ಚಾರ್ಲಿ ಚಾಪ್ಲಿನ್ ಗುರುತಿಸಿ, 1921ರಲ್ಲಿ ತೆರೆಕಂಡ 'ದಿ ಕಿಡ್' ಚಿತ್ರದಲ್ಲಿ ಅನಾಥ ಮಗುವಿನ ಪಾತ್ರ ಕೊಟ್ಟ ಮೇಲೆ, ಹಾಲಿವುಡ್‌ನ ದುಬಾರಿ ತಾರೆಗಳ ಸಾಲಿನಲ್ಲಿ ಅವನ ಹೆಸರು ಸೇರಿತು. ಚಿತ್ರಗಳ ಸಂಭಾವನೆಯ ಜೊತೆಗೆ ಅವನ ಮುಖ ಮತ್ತು ಹೆಸರನ್ನು ಹೊತ್ತ ಬೊಂಬೆಗಳು, ಪೀಪಿಗಳು, ಕಡಲೆಕಾಯಿ ಬೆಣ್ಣೆಯ ಡಬ್ಬಿಗಳು ಅಂಗಡಿಗಳಲ್ಲಿ ಮಾರಾಟವಾದವು. ಬಾಲ್ಯದಲ್ಲಿ ಅವನು ದುಡಿದದ್ದು 30ರಿಂದ 40 ಲಕ್ಷ ಡಾಲರ್ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಹಣದ ವ್ಯವಹಾರ ನೋಡಿಕೊಳ್ಳುತ್ತಿದ್ದ ತಂದೆ 1935ರ ಮೇ ತಿಂಗಳಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅದೇ ಕಾರಿನಲ್ಲಿದ್ದವರ ಪೈಕಿ ಬದುಕುಳಿದವನು ಜಾಕಿ ಒಬ್ಬನೇ. ಅಂದಿನ ಕಾನೂನಿನಂತೆ ವಯಸ್ಕನೆನಿಸಿಕೊಳ್ಳಲು ಬೇಕಾದ 21 ವರ್ಷ ಅದೇ ಅಕ್ಟೋಬರ್‌ನಲ್ಲಿ ತುಂಬಿದಾಗ, ತನ್ನ ಹಣ ತನಗಾಗಿ ಕಾದಿದೆ ಎಂದು ಅವನು ನಂಬಿದ್ದ. ಆ ಹೊತ್ತಿಗೆ ಅದು ತಾಯಿಯ ಹಾಗೂ, ಕುಟುಂಬದ ವ್ಯವಹಾರ ಸಲಹೆಗಾರನಾಗಿದ್ದು ಮುಂದೆ ಆಕೆಯ ಎರಡನೆಯ ಪತಿಯಾದ ಆರ್ಥರ್ ಬರ್ನ್‌ಸ್ಟೀನ್‌ನ ಕೈಯಲ್ಲಿತ್ತು.

1938ರಲ್ಲಿ ಕೂಗನ್ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದಾಗ ಹೊರಬಿದ್ದ ಸಂಗತಿಗಳಲ್ಲಿ, ಹಣ ಕರಗಿಹೋಗಿತ್ತು ಎಂಬುದಕ್ಕಿಂತ ಗಂಭೀರವಾದದ್ದು ಹಾಗೆ ಕರಗಿಸುವುದು ಬಹುಮಟ್ಟಿಗೆ ಕಾನೂನುಬದ್ಧವೇ ಆಗಿತ್ತು ಎಂಬುದು. ಅಪ್ರಾಪ್ತ ವಯಸ್ಸಿನ ಮಗುವಿನ ದುಡಿಮೆಯ ಫಲ ತಂದೆತಾಯಿಗಳಿಗೆ ಸೇರತಕ್ಕದ್ದು ಎಂಬ ಹಳೆಯ ತತ್ತ್ವ ಕ್ಯಾಲಿಫೋರ್ನಿಯಾದಲ್ಲಿ ಆಗ ಜಾರಿಯಲ್ಲಿತ್ತು; ಹೊಲಗೆಲಸಕ್ಕೆ ಕೈಜೋಡಿಸುವ ಮಗನನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡಂತಿರುವ ಆ ತತ್ತ್ವವು, ಮನೆಯ ಉಳಿದೆಲ್ಲರ ಒಟ್ಟು ದುಡಿಮೆಗಿಂತ ಹಲವು ಪಟ್ಟು ಗಳಿಸುವ ಮಗುವನ್ನು ಊಹಿಸಿರಲಿಲ್ಲ. ಉಳಿದಿದ್ದ ಸುಮಾರು ಎರಡೂವರೆ ಲಕ್ಷ ಡಾಲರ್‌ಗಳಲ್ಲಿ ಕೂಗನ್‌ಗೆ ಕೊನೆಗೆ ದಕ್ಕಿದ್ದು 1,26,000 ಡಾಲರ್ ಮಾತ್ರ.

ಪ್ರಕರಣ ಎಬ್ಬಿಸಿದ ಸದ್ದಿನಿಂದ 1939ರಲ್ಲಿ ಕ್ಯಾಲಿಫೋರ್ನಿಯಾ ಬಾಲನಟರ ಕಾಯ್ದೆಯನ್ನು ತಂದಿತು. 'ಕೂಗನ್ ಕಾಯ್ದೆ' ಎಂದೇ ಹೆಸರಾದ ಇದನ್ನು ಸಮಸ್ಯೆಗೆ ಸಿಕ್ಕ ಪೂರ್ಣ ಪರಿಹಾರವೆಂದು ಬಣ್ಣಿಸುವ ವಾಡಿಕೆಯಿದೆಯಾದರೂ ಆ ಹೊಗಳಿಕೆ ಅತಿಯಾಯಿತು. ನ್ಯಾಯಾಲಯದ ಅನುಮೋದನೆಗೆ ಹೋದ ಕರಾರುಗಳಿಗೆ ಮಾತ್ರ ಕಾಯ್ದೆ ಅನ್ವಯಿಸುತ್ತಿತ್ತು, ಅಲ್ಲಿಯೂ ಎಷ್ಟು ಭಾಗ ತೆಗೆದಿಡಬೇಕೆಂಬುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು, ಮತ್ತು ಗಳಿಕೆ ಮಗುವಿನದೇ ಎಂದು ಅದು ಎಲ್ಲಿಯೂ ನೇರವಾಗಿ ಘೋಷಿಸಿರಲಿಲ್ಲ. ಆ ಘೋಷಣೆಗೆ ಆರು ದಶಕ ಕಾಯಬೇಕಾಯಿತು: 2000ದ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಬಾಲಕಲಾವಿದರ ಗಳಿಕೆಯನ್ನು ಅವರದೇ ಆಸ್ತಿಯೆಂದು ಸಾರಿ, ಒಟ್ಟು ಸಂಭಾವನೆಯ ಶೇ. 15ರಷ್ಟನ್ನು ಉದ್ಯೋಗದಾತನೇ ನೇರವಾಗಿ ನ್ಯಾಸದ ಖಾತೆಗೆ, ಎಂದರೆ ಮಗು ವಯಸ್ಕನಾಗುವವರೆಗೆ ಹಿಂತೆಗೆಯಲಾಗದ ಖಾತೆಗೆ, ಕಟ್ಟಬೇಕೆಂದು ವಿಧಿಸಿತು. ತಿದ್ದುಪಡಿ ಬಂದಾಗ ಕೂಗನ್ ತೀರಿಕೊಂಡು ಹದಿನೈದು ವರ್ಷ ಕಳೆದಿತ್ತು.

ದಾವೆಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ; ಹಣಕಾಸಿನ ಅಧ್ಯಯನಕ್ಕೆ ಹೆಚ್ಚು ಉಪಯುಕ್ತವಾದದ್ದು ಮುಂದಿನ ಭಾಗ. ಎರಡನೆಯ ಮಹಾಯುದ್ಧದಲ್ಲಿ ಕೂಗನ್ ಗ್ಲೈಡರ್ ಚಾಲಕನಾಗಿ, ಎಂದರೆ ಎಂಜಿನ್ ಇಲ್ಲದ ವಿಮಾನವನ್ನು ಶತ್ರುನೆಲದಲ್ಲಿ ಇಳಿಸುವವನಾಗಿ, ಸೇವೆ ಸಲ್ಲಿಸಿ, 1944ರ ಮಾರ್ಚ್‌ನಲ್ಲಿ ಬರ್ಮಾದ ಕಾಡಿನಲ್ಲಿ ಜಪಾನೀ ಪಡೆಗಳ ಬೆನ್ನಹಿಂದೆ ಬ್ರಿಟಿಷ್ ಸೈನಿಕರನ್ನು ಇಳಿಸಿದ ಕಾರ್ಯಾಚರಣೆಯಲ್ಲಿ ಭಾಗವಹಿಸಿದ. ಯುದ್ಧದ ನಂತರ ಅವನು ಮರಳಿದ್ದು ನಟನೆಗೇ, ಆದರೆ ತಾರೆಯಾಗಿ ಅಲ್ಲ: ಟೆಲಿವಿಷನ್ ಧಾರಾವಾಹಿಗಳ ಅತಿಥಿ ಪಾತ್ರಗಳು, ಕಡಿಮೆ ವೆಚ್ಚದ ಚಿತ್ರಗಳ ಪೋಷಕ ಪಾತ್ರಗಳು, ಮತ್ತು 1964ರಿಂದ 1966ರವರೆಗೆ ಪ್ರಸಾರವಾದ 'ದಿ ಆಡಮ್ಸ್ ಫ್ಯಾಮಿಲಿ'ಯಲ್ಲಿ ಬೋಳುತಲೆಯ ಅಂಕಲ್ ಫೆಸ್ಟರ್. 'ದಿ ಕಿಡ್'ನ ಪುಟ್ಟ ಹುಡುಗನೇ ಈ ವಿಲಕ್ಷಣ ಮಾವ ಎಂಬುದು ಹೊಸ ಪ್ರೇಕ್ಷಕರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಮರುಪ್ರಸಾರದ ಸಂಭಾವನೆ ಎಂಬ ಪದ್ಧತಿ, ಎಂದರೆ ಕಾರ್ಯಕ್ರಮ ಮತ್ತೆ ಮತ್ತೆ ಪ್ರಸಾರವಾದಾಗ ನಟನಿಗೆ ಸಲ್ಲುವ ಪಾಲು, ಅಮೆರಿಕದ ಟೆಲಿವಿಷನ್‌ನಲ್ಲಿ ಆ ಕಾಲಕ್ಕೆ ಕೆಲವೇ ಮರುಪ್ರಸಾರಗಳಿಗೆ ಸೀಮಿತವಾಗಿತ್ತು. ಕಾಲಮಿತಿಯಿಲ್ಲದ ಪಾಲನ್ನು ನಟರ ಸಂಘ ಗಳಿಸಿಕೊಂಡದ್ದು 1974ರಲ್ಲಿ. ಹೀಗಾಗಿ ಅತ್ಯಂತ ಜನಪ್ರಿಯವಾದ ಎರಡು ಪಾತ್ರಗಳೂ ಅವನ ಮಟ್ಟಿಗೆ ದೀರ್ಘಕಾಲ ಫಲ ಕೊಡುವ ಆಸ್ತಿಗಳಾಗಲಿಲ್ಲ; ಮೊದಲನೆಯದರ ಹಣ ಮನೆಯವರ ಪಾಲಾಯಿತು, ಎರಡನೆಯದು ಕೆಲಸ ಮಾಡಿದ ದಿನಗಳ ಕೂಲಿಯಾಗಿಯೇ ಉಳಿಯಿತು.

ಕನ್ನಡ ಚಿತ್ರರಂಗದಲ್ಲಿ ಬಾಲನಟರಾಗಿ ಬಂದು ನಾಯಕರಾದವರನ್ನು ಗಮನಿಸಿದರೆ ಎದ್ದು ಕಾಣುವುದು ನಡುವಿನ ಖಾಲಿ ಅವಧಿ. ವಿಜಯ ರಾಘವೇಂದ್ರ 'ಚಿನ್ನಾರಿ ಮುತ್ತ'ದಲ್ಲಿ ನಟಿಸಿದ್ದು 1993ರಲ್ಲಿ, 'ನಿನಗಾಗಿ'ಯ ನಾಯಕನಾದದ್ದು 2002ರಲ್ಲಿ. 'ಬೆಟ್ಟದ ಹೂವು' ಚಿತ್ರದ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಪುನೀತ್ ರಾಜ್‌ಕುಮಾರ್ 1980ರ ದಶಕದ ಕೊನೆಯಲ್ಲಿ ತೆರೆಯಿಂದ ಸರಿದು, 'ಅಪ್ಪು' ಚಿತ್ರದೊಂದಿಗೆ ನಾಯಕನಾಗಿ ಮರಳಿದ್ದೂ 2002ರಲ್ಲೇ. ಆ ಹಿಂತಿರುಗುವಿಕೆಯ ಹಿಂದೆ ಮನೆಯದೇ ಆದ ನಿರ್ಮಾಣ ಸಂಸ್ಥೆಯಿತ್ತು ಎಂಬುದನ್ನು ಪ್ರತಿಭೆಯನ್ನು ಕಡೆಗಣಿಸದೆಯೇ ಹೇಳಬಹುದು; ಹತ್ತು ಹನ್ನೆರಡು ವರ್ಷಗಳ ಖಾಲಿ ಅವಧಿಯನ್ನು ದಾಟಿಸುವ ಶಕ್ತಿ ಇರುವುದು ಬಂಡವಾಳಕ್ಕೆ, ಸಂಭಾವನೆಗಲ್ಲ. ಅಂಥ ಹಿನ್ನೆಲೆಯಿಲ್ಲದ ಮನೆಯ ಮಗುವಿಗೆ ಆ ಬಂಡವಾಳವಾಗಬಹುದಾದದ್ದು ಅದರದೇ ಬಾಲ್ಯದ ಗಳಿಕೆ.

ಭಾರತದ ಕಾನೂನು ಈ ವಿಷಯಕ್ಕೆ ತಡವಾಗಿ ಬಂದರೂ, ಒಂದು ಅಂಶದಲ್ಲಿ ಕ್ಯಾಲಿಫೋರ್ನಿಯಾಕ್ಕಿಂತ ಬಿಗಿಯಾಗಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯನ್ನು ಅನುಸರಿಸಿ 2017ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ, 14 ವರ್ಷ ತುಂಬದ ಮಗುವನ್ನು ಚಿತ್ರೀಕರಣಕ್ಕೆ ಬಳಸಿಕೊಳ್ಳಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು, ಸತತವಾಗಿ 27 ದಿನಗಳಿಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಮತ್ತು ಮಗುವಿನ ಗಳಿಕೆಯ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ನೇರವಾಗಿ ಜಮಾ ಮಾಡಬೇಕು. ಉಳಿದ ಶೇ. 80ರ ಬಗ್ಗೆ ನಿಯಮ ಮೌನವಾಗಿದೆ. ಹದಿನಾಲ್ಕು ತುಂಬಿ ಹದಿನೆಂಟು ತುಂಬದ ವಯಸ್ಸು, ಎಂದರೆ ಧಾರಾವಾಹಿಗಳಲ್ಲಿ ನಾಯಕನ ತಮ್ಮ, ನಾಯಕಿಯ ತಂಗಿ ಮುಂತಾದ ಪಾತ್ರಗಳು ಸಿಗುವ ವಯಸ್ಸು, ಈ ನಿಯಮದ ವ್ಯಾಪ್ತಿಗೇ ಬರುವುದಿಲ್ಲ.

ತೆರಿಗೆಯ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಬಿಡಿಸಿ ಹೇಳುವುದು ಅಗತ್ಯ. ಅಪ್ರಾಪ್ತ ಮಗುವಿನ ಆದಾಯವನ್ನು ತಂದೆ ತಾಯಿಗಳಲ್ಲಿ ಹೆಚ್ಚು ಆದಾಯವುಳ್ಳವರ ಲೆಕ್ಕಕ್ಕೆ ಸೇರಿಸುವುದು ಸಾಮಾನ್ಯ ನಿಯಮ. ಆದರೆ ಮಗು ತನ್ನ ಕೌಶಲ ಅಥವಾ ಪ್ರತಿಭೆಯಿಂದ ಗಳಿಸಿದ ಹಣ ಈ ಸೇರ್ಪಡೆಗೆ ಹೊರತಾಗಿದ್ದು, ಅದಕ್ಕೆ ಮಗುವಿನ ಹೆಸರಿನಲ್ಲೇ ಪ್ರತ್ಯೇಕ ರಿಟರ್ನ್ ಸಲ್ಲಿಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿದ್ದ ಈ ತತ್ತ್ವವನ್ನು 2025ರ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಸೂಕ್ಷ್ಮವಿರುವುದು ಇಲ್ಲಿ: ನಟನೆಯ ಸಂಭಾವನೆ ಮಗುವಿನ ಆದಾಯ, ಆದರೆ ಅದೇ ಸಂಭಾವನೆಯನ್ನು ಠೇವಣಿಯಿಟ್ಟಾಗ ಹುಟ್ಟುವ ಬಡ್ಡಿ ಪ್ರತಿಭೆಯ ಫಲವಲ್ಲವಾದ್ದರಿಂದ ಪೋಷಕರ ಆದಾಯಕ್ಕೆ ಸೇರುತ್ತದೆ. ಎಂಟು ವರ್ಷದ ಮಗುವಿನ ಹೆಸರಿನಲ್ಲಿ ಒಂದು ಲಕ್ಷ ರೂಪಾಯಿಯನ್ನು ಶೇ. 7ರ ದರದಲ್ಲಿ, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗುವಂತೆ ಹತ್ತು ವರ್ಷಕ್ಕೆ ಇಟ್ಟರೆ, ಹದಿನೆಂಟು ತುಂಬುವಾಗ ಅದು ಸುಮಾರು ಎರಡು ಲಕ್ಷವಾಗುತ್ತದೆ. ಪೋಷಕರು ಶೇ. 30ರ ತೆರಿಗೆ ಹಂತದಲ್ಲಿದ್ದು ಆ ತೆರಿಗೆಯ ಹೊರೆ ಬಡ್ಡಿಯ ಮೇಲೆಯೇ ಬೀಳುತ್ತದೆ ಎಂದಿಟ್ಟುಕೊಂಡರೆ, ನಿಜವಾದ ದರ ಶೇ. 4.9ಕ್ಕೆ ಇಳಿದು ಮೊತ್ತ ಸುಮಾರು 1 ಲಕ್ಷ 63 ಸಾವಿರವಾಗುತ್ತದೆ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ ಇಂದಿನ ಒಂದು ಲಕ್ಷದ ಸಾಮಾನಿಗೆ ಹತ್ತು ವರ್ಷದ ನಂತರ ತೆರಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಕಾನೂನು ಕಡ್ಡಾಯಗೊಳಿಸಿದ ಠೇವಣಿಯು ಹಣವನ್ನು ಕಾಯುತ್ತದೆ, ಬೆಳೆಸುವುದಿಲ್ಲ. ಬೆಳೆಯಬೇಕಾದ ಭಾಗವನ್ನು ಉಳಿದ ಶೇ. 80ರಿಂದಲೇ ತೆಗೆದು, ಮಗುವಿನದೇ ಹೆಸರಿನ ಮ್ಯೂಚುವಲ್ ಫಂಡ್ ಫೋಲಿಯೊ ಅಥವಾ ಪಿಪಿಎಫ್ ಖಾತೆಯಂಥ ದೀರ್ಘಾವಧಿಯ ಸಾಧನಗಳಲ್ಲಿ ಇಡಬೇಕಾಗುತ್ತದೆ. ಪಿಪಿಎಫ್‌ನಲ್ಲಿ ಪೋಷಕ ಮತ್ತು ಮಗುವಿನ ಖಾತೆಗಳೆರಡಕ್ಕೂ ಸೇರಿ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಿದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಚಿತ್ರೋದ್ಯಮದ ಕಚೇರಿಗಳು ಒತ್ತೊತ್ತಾಗಿರುವ ಬೆಂಗಳೂರಿನ ಗಾಂಧಿನಗರಕ್ಕೆ ಸಮೀಪದ ಬ್ಯಾಂಕ್ ಶಾಖೆಯೊಂದರಲ್ಲಿ ಬಹುಕಾಲ ಠೇವಣಿ ವಿಭಾಗವನ್ನು ನೋಡಿಕೊಂಡ ಈ ಅಂಕಣಕಾರರ ಅನುಭವದಲ್ಲಿ, ತೊಡಕು ಹುಟ್ಟುತ್ತಿದ್ದದ್ದು ದುರಾಸೆಯಿಂದ ಅಲ್ಲ, ಚೆಕ್ಕಿನ ಮೇಲಿನ ಹೆಸರಿನಿಂದ. ಮಗುವಿಗೆ ಪ್ಯಾನ್ ಕಾರ್ಡ್ ಮಾಡಿಸಿರುವುದಿಲ್ಲ. ನಿರ್ಮಾಣ ಕಚೇರಿಯ ಲೆಕ್ಕಿಗರು ಅನುಕೂಲಕ್ಕೆಂದು ತಂದೆಯ ಪ್ಯಾನ್ ಸಂಖ್ಯೆ ಬರೆದುಕೊಂಡು, ಮೂಲದಲ್ಲೇ ಕಡಿತಗೊಳ್ಳುವ ತೆರಿಗೆಯನ್ನು, ಎಂದರೆ ಟಿಡಿಎಸ್ ಅನ್ನು, ಅದರಡಿಯಲ್ಲೇ ಕಟ್ಟುತ್ತಾರೆ. ಚೆಕ್ಕೂ ತಂದೆಯ ಹೆಸರಿಗೇ ಬರುತ್ತದೆ. ಅಲ್ಲಿಂದ ಮುಂದೆ ದಾಖಲೆಗಳ ಪ್ರಕಾರ ನಟಿಸಿದವನು ತಂದೆ. ಮನೆಯ ಸಾಲದ ಕಂತು, ಅಕ್ಕನ ಮದುವೆ, ಅಂಗಡಿಯ ಮುಂಗಡ ಎಂದು ಆ ಹಣ ಯಾರ ಮನಸ್ಸಿನಲ್ಲೂ ಕಪಟವಿಲ್ಲದೆ ಹರಿದುಹೋಗುತ್ತದೆ, ಮತ್ತು ಕೌಶಲದ ಗಳಿಕೆಗಿರುವ ತೆರಿಗೆಯ ಅನುಕೂಲವೂ ಜೊತೆಗೇ ಹೋಗುತ್ತದೆ. ಚೆನ್ನಾಗಿ ನಡೆಸಿದ ಕುಟುಂಬಗಳೂ ಅದೇ ಶಾಖೆಯಲ್ಲಿದ್ದವು. ಧಾರಾವಾಹಿಯಲ್ಲಿ ನಟಿಸುತ್ತಿದ್ದ ಹುಡುಗಿಯೊಬ್ಬಳ ತಾಯಿ ಪ್ರತಿ ಚೆಕ್ಕಿನೊಂದಿಗೂ ಒಂದು ನೋಟ್‌ಬುಕ್ ತರುತ್ತಿದ್ದರು. ಅದರ ಎಡಪುಟದಲ್ಲಿ ಮಗಳ ದುಡಿಮೆ, ಬಲಪುಟದಲ್ಲಿ ಅದೇ ದುಡಿಮೆಗಾಗಿ ಆದ ಆಟೋ, ಬಟ್ಟೆ, ಟ್ಯೂಷನ್ ಖರ್ಚು, ಇವುಗಳ ನಡುವಿನ ವ್ಯತ್ಯಾಸವೆಲ್ಲ ಮಗಳ ಖಾತೆಗೆ ಎಂಬುದು ಅವರ ಕ್ರಮ. ಬ್ಯಾಂಕು ಕೇಳದಿದ್ದ ಆ ಲೆಕ್ಕ, ಅಂಕಣಕಾರರು ಅಲ್ಲಿ ಕಂಡ ಅತ್ಯುತ್ತಮ ಹಣಕಾಸು ಯೋಜನೆಗಳಲ್ಲಿ ಒಂದು.

ಹದಿನೆಂಟು ತುಂಬಿದ ದಿನ ಪೋಷಕರ ಸಹಿ ಆ ಖಾತೆಯಲ್ಲಿ ಮೌಲ್ಯ ಕಳೆದುಕೊಳ್ಳುತ್ತದೆ. ಖಾತೆದಾರ ಸ್ವತಃ ಬಂದು ಹೊಸ ಸಹಿ ಮಾದರಿ, ಭಾವಚಿತ್ರ, ಆಧಾರ್ ಮತ್ತು ಪ್ಯಾನ್ ಪ್ರತಿಗಳನ್ನು ಕೊಟ್ಟು ಕೆವೈಸಿಯನ್ನು ನವೀಕರಿಸುವವರೆಗೆ ವ್ಯವಹಾರ ತಡೆಹಿಡಿಯಲ್ಪಡುತ್ತದೆ, ಮತ್ತು ಅಲ್ಲಿಂದಾಚೆಗಿನ ಬಡ್ಡಿ ಪೋಷಕರ ಲೆಕ್ಕ ಬಿಟ್ಟು ಅವನ ಲೆಕ್ಕಕ್ಕೆ ಬರುತ್ತದೆ. ಮಗುವಿನ ಹಣದಿಂದ ಅದರ ಹೆಸರಿನಲ್ಲೇ ನಿವೇಶನ ಅಥವಾ ಮನೆ ಕೊಂಡಿದ್ದ ಹಿಂದೂ ಕುಟುಂಬಗಳಿಗೆ ಇನ್ನೊಂದು ನಿಯಮವೂ ಅನ್ವಯಿಸುತ್ತದೆ: 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಕಾಯ್ದೆಯಂತೆ, ನ್ಯಾಯಾಲಯದ ಅನುಮತಿಯಿಲ್ಲದೆ ಆ ಆಸ್ತಿಯನ್ನು ತಂದೆಯಾಗಲಿ ತಾಯಿಯಾಗಲಿ ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷಕ್ಕೆ ಮೀರಿ ಗುತ್ತಿಗೆಗೆ ಕೊಡುವಂತಿಲ್ಲ. ಹಾಗೆ ಮಾರಿದ್ದರೆ ಆ ಮಾರಾಟ ತನ್ನಷ್ಟಕ್ಕೆ ಬಿದ್ದುಹೋಗುವುದಿಲ್ಲ. ವಯಸ್ಕನಾದ ಮಗ ಅಥವಾ ಮಗಳು ಅದನ್ನು ರದ್ದುಪಡಿಸಿಕೊಳ್ಳಲು ನ್ಯಾಯಾಲಯಕ್ಕೆ ಹೋಗಬಹುದು, ಮತ್ತು ಕಾಲಮಿತಿ ಕಾಯ್ದೆ ಅದಕ್ಕೆ ಕೊಟ್ಟಿರುವ ಅವಧಿ ಹದಿನೆಂಟು ತುಂಬಿದ ದಿನದಿಂದ ಮೂರು ವರ್ಷ. ತಂದೆತಾಯಿಯ ಮನೆಯಲ್ಲೇ ಊಟ ಮಾಡುತ್ತ, ಕಾಲೇಜಿಗೆ ಹೋಗುತ್ತ, ಮುಂದಿನ ಪಾತ್ರಕ್ಕಾಗಿ ಆಡಿಷನ್‌ಗಳಿಗೆ ಅಲೆಯುತ್ತಿರುವವರು ಆ ಮೂರು ವರ್ಷಗಳೊಳಗೆ ದಾವೆ ಹೂಡುವುದು ಅಪರೂಪ.