ಗೌರಿ ಹೂವಿನ ಗಡ್ಡೆ ಕೇಳಿದ ಕೂಸಿಗೆ

ತಾಳಗುಪ್ಪ

ಚಿ. ಸೌ. ಕೂಸಿಗೆ,

ಬೆಂಗಳೂರಿನ ನಿನ್ನ ಹಿತ್ತಲಲ್ಲಿ ಮಾವಿನ ನೆರಳಿಗೆ ಏನೂ ಏಳುವುದಿಲ್ಲ, ಗೌರಿ ಹೂವಿನ ಗಡ್ಡೆ ಕಳಿಸು ಎಂದು ಬರೆದಿದ್ದೀಯ. ಜತೆಗೇ ‘ಅದು ವಿಷವಂತೆ, ಹೌದಾ?’ ಎಂಬ ಪ್ರಶ್ನೆ ಬೇರೆ.

ಹೌದು, ವಿಷವೇ. ಇಡೀ ಗಿಡದಲ್ಲಿ ಕಾಲ್ಚಿಸಿನ್ ಇದೆ. ಗಡ್ಡೆಯಲ್ಲಿ, ಬೀಜದಲ್ಲಿ ಜಾಸ್ತಿ. ಹಾಗೆಂದು ಬಿಡಬೇಕಾಗಿಲ್ಲ. ನಮ್ಮ ಬೇಲಿಯಲ್ಲಿ, ಸೊಪ್ಪಿನಬೆಟ್ಟದ ಅಂಚಿನಲ್ಲಿ ಅದು ಮೊದಲಿಂದಲೂ ಇದೆ. ಗೌರಿಗೆ ಏರಿಸುತ್ತೇವೆ, ಗಣಪತಿಯ ಫಲಾವಳಿಗೆ ಕಟ್ಟುತ್ತೇವೆ. ಬಾಯಿಗೆ ಇಡುವುದಿಲ್ಲ, ಅಷ್ಟೇ.

ನಿನ್ನ ಹಿತ್ತಲಿನದು ಎಂಥ ನೆರಳು ಎಂದು ಮೊದಲು ನೋಡು. ದಟ್ಟ ನೆರಳಾದರೆ ಬಳ್ಳಿ ಬೆಳಕು ಹುಡುಕುತ್ತ ಉದ್ದಕ್ಕೆ ಹೋಗುತ್ತದೆ, ಹೂ ಬಿಡುವುದಿಲ್ಲ. ಬುಡ ತರಗೆಲೆಯಡಿ ತಂಪಾಗಿರಬೇಕು, ತಲೆಗೆ ಬೆಳಗಿನ ಬಿಸಿಲು ತಾಗಬೇಕು. ಗಡ್ಡೆ ನೇಗಿಲಿನ ಹಾಗೆ ಕವಲೊಡೆದಿರುತ್ತದೆ. ಮೊಳಕೆಯ ಕಣ್ಣು ಇರುವುದು ಆ ಕವಲಿನ ತುದಿಯಲ್ಲಿ. ತುದಿ ಮುರಿದರೆ ಗಡ್ಡೆ ದಂಡ. ಮೇ ಕೊನೆಗೆ ಎರಡು ಮೂರು ಇಂಚು ಆಳದಲ್ಲಿ ಅಡ್ಡಕ್ಕೆ ಮಲಗಿಸು. ನೀರು ನಿಂತರೆ ಕೊಳೆಯುತ್ತದೆ. ಇಲ್ಲಿ ಅದು ಇಳಿಜಾರಿನ ಧರೆಯ ಮೇಲೆ ಚೆನ್ನಾಗಿ ಬರುವುದು ಅದಕ್ಕೇ. ಹತ್ತಿರ ಒಂದು ದಾಸವಾಳ ಇದ್ದರೆ ಸಾಕು, ಎಲೆಯ ತುದಿಯೇ ಸುರುಳಿ ಸುತ್ತಿ ಹಿಡಿದು ಹತ್ತಿಕೊಳ್ಳುತ್ತದೆ. ಹೂ ಅರಳುವಾಗ ಎಸಳು ಹಸಿರು ಹಳದಿ, ಅಂಚು ಸುಕ್ಕುಸುಕ್ಕು. ಆಮೇಲೆ ಮೇಲಕ್ಕೆ ಮಡಚಿಕೊಂಡು ದಿನದಿಂದ ದಿನಕ್ಕೆ ಕೆಂಪಾಗುತ್ತ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗಿದರೆ ಸತ್ತಿತೆಂದು ಅಗೆದೀಯ! ಬೇಸಿಗೆಯಿಡೀ ಗಡ್ಡೆ ನಿದ್ದೆ ಮಾಡಲಿ, ನೀರೂ ಬೇಡ.

ನನಗೆ ಹೆದರಿಕೆ ಕಾಯಿಯದು. ಒಣಗಿ ಬಿರಿದಾಗ ಒಳಗೆ ಕೆಂಪು ಬೀಜ ಕಾಣುತ್ತದೆ, ನಿನ್ನ ಪಾಪುವಿನದೋ ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ಹೂ ಬಾಡಿದ ಕೂಡಲೇ ಕಾಯಿ ಕತ್ತರಿಸಿಬಿಡು. ಗಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದು ಸತ್ತವರಿದ್ದಾರೆ. ಬೇಯಿಸಿದರೆ ವಿಷ ಹೋಗುವುದಿಲ್ಲ. ಅಡುಗೆಮನೆಯ ಹತ್ತಿರವೂ ತರಬೇಡ. ತಿಂದ ಕೆಲವು ಗಂಟೆಗೆ ವಾಂತಿ ಭೇದಿ ಶುರು. ಅದು ನಿಂತಿತೆಂದು ಸುಮ್ಮನಿದ್ದರೆ ಆಮೇಲೆ ಒಳಗಿನ ಅಂಗಾಂಗಗಳೇ ಸೋಲುತ್ತವೆ. ಅನುಮಾನ ಬಂದರೂ ಸಾಕು, ಗಿಡದ ತುಂಡು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಬೇಕು.

ತಮಿಳುನಾಡಿನವರು ಇದನ್ನು ರಾಜ್ಯಪುಷ್ಪ ಮಾಡಿಕೊಂಡಿದ್ದಾರೆ, ಬೀಜಕ್ಕಾಗಿ ಹೊಲದಲ್ಲೂ ಬೆಳೆಯುತ್ತಾರೆ. ಗೌಟ್ ಎಂಬ ಕೀಲುನೋವಿನ ಮಾತ್ರೆಗೆ ಅದೇ ಕಾಲ್ಚಿಸಿನ್ ಬೇಕು. ಒಂದು ಮಾತ್ರೆಯಲ್ಲಿ ಅದು ಇರುವುದು ಅರ್ಧ ಮಿಲಿಗ್ರಾಂ. ಮನೆಯಲ್ಲಿ ಗಡ್ಡೆ ಅರೆದು ಅಷ್ಟನ್ನು ಅಳೆಯುವವರು ಯಾರು? ನಾಟಿ ಔಷಧಿ ಎಂದು ಯಾರಾದರೂ ಕೇಳಿದರೆ ಖಂಡಿತ ಕೊಡಬೇಡ.

ಕಾಡಿನಿಂದ ಕಿತ್ತು ಮಾರುವವರ ಹತ್ತಿರವೂ ಕೊಳ್ಳಬೇಡ, ಹಾಗೆ ಅಗೆದೇ ಅದು ಕಾಡಿನಲ್ಲಿ ಕಡಿಮೆಯಾಗುತ್ತಿದೆ. ಅಂಚೆಯಲ್ಲಿ ಕಳಿಸಿದರೆ ತುದಿ ಉಳಿಯುವುದಿಲ್ಲ. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಮೇ ತಿಂಗಳಲ್ಲಿ ಪಾಪುವನ್ನು ಕಟ್ಟಿಕೊಂಡು ಬಂದು ನೀನೇ ತೆಗೆದುಕೊಂಡು ಹೋಗು.

ಇತಿ,
ನಿನ್ನ ಅಮ್ಮಮ್ಮ