ಹನಿಯೊಳಗಿನ ಬೆಟ್ಟ

ಕನ್ನಡ ಪಾಠ ಹೇಳುವವರಿಗೆ ಕ್ಯಾಮೆರಾದ ಗೊಡವೆ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕಳೆದ ದಸರಾ ರಜೆಯಲ್ಲಿ ನಾವು ಕಲಿತ ಒಂದು ಪಾಠವನ್ನು ಇಲ್ಲಿ ಹೇಳಿದರೆ ಅದಕ್ಕೆ ಉತ್ತರ ತಾನಾಗಿಯೇ ದೊರೆಯುತ್ತದೆ.

ದಿಂಡಿಗಲ್ಲಿನಿಂದ ಬತ್ಲಗುಂಡು ಮಾರ್ಗವಾಗಿ ಘಾಟಿ ಹತ್ತಿದರೆ, ಪಳನಿ ಬೆಟ್ಟಗಳ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿ ಕೊಡೈಕಾನಲ್ ಇದೆ. ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ಕುರಿಂಜಿ ಹೂವು ಅಲ್ಲಿ 2018ರಲ್ಲಿ ಅರಳಿತ್ತು. ಇನ್ನು 2030ರವರೆಗೆ ಕಾಯಬೇಕು. ದೊಡ್ಡ ನೋಟ ಸಿಗದಿದ್ದರೆ ಸಣ್ಣದನ್ನೇ ನೋಡೋಣ ಎಂದು ಹೊಸದಾಗಿ ಕೊಂಡಿದ್ದ 100 ಮಿ.ಮೀ. ಮ್ಯಾಕ್ರೋ ಲೆನ್ಸನ್ನು ಜೊತೆಗೆ ಒಯ್ದಿದ್ದೆವು.

ಮ್ಯಾಕ್ರೋ ಲೆನ್ಸ್ ಎಂದರೇನು? ಸಾಧಾರಣ ಲೆನ್ಸು ಇರುವೆಯನ್ನು ಚುಕ್ಕೆಯಂತೆ ಮೂಡಿಸಿದರೆ, ಇದು ಅದರ ನಿಜಗಾತ್ರದಲ್ಲಿಯೇ ಸೆನ್ಸರಿನ ಮೇಲೆ ಮೂಡಿಸುತ್ತದೆ. ಇದಕ್ಕೆ 1:1 ಪ್ರಮಾಣ ಎನ್ನುತ್ತಾರೆ. ಆದರೆ ಈ ಲಾಭಕ್ಕೆ ಎರಡು ನಷ್ಟಗಳುಂಟು. ಮೊದಲನೆಯದಾಗಿ, ಸೆನ್ಸರಿಗೆ ತಲಪುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎರಡನೆಯದಾಗಿ, ಸ್ಪಷ್ಟವಾಗಿ ಕಾಣುವ ಆಳ ಬಹಳ ಕಡಿಮೆಯಾಗುತ್ತದೆ. ನಮ್ಮ ಕ್ಯಾಮೆರಾದಲ್ಲಿ ಎಫ್ 8 ಇಟ್ಟರೆ ಅದು ಸುಮಾರು ಒಂದು ಮಿಲಿಮೀಟರ್ ಮಾತ್ರ. ನಾವು ಉಸಿರು ಬಿಟ್ಟರೂ ಚಿತ್ರ ಮಸುಕಾಗುತ್ತದೆ.

ಮೊದಲ ಎರಡು ದಿನ ತೆಗೆದ ಚಿತ್ರಗಳಲ್ಲಿ ಒಂದೂ ನೆಟ್ಟಗೆ ಬರಲಿಲ್ಲ. ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲವೇ ಎಂದು ತರಗತಿಯಲ್ಲಿ ಗದರುವ ನಾವು ಅಂದು ಕಡೆಯ ಬೆಂಚಿನಲ್ಲಿ ಕುಳಿತಂತಾಗಿತ್ತು. ಇದೇ ಊರಿನ ಸೌರ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ತೆಗೆದು ಕೂಡಿಟ್ಟಿದ್ದಾರೆ. ಅವರ ತಾಳ್ಮೆಯನ್ನು ನೆನೆದು ಮೂರನೆಯ ದಿನ ಮತ್ತೆ ಹೊರಟೆವು.

ಅಷ್ಟರಲ್ಲಿ ಕೆಲವು ಸಂಗತಿಗಳು ತಿಳಿದಿದ್ದವು. ಗಾಳಿ ಏಳುವ ಮೊದಲೇ, ಬೆಳಗಿನ ಹೊತ್ತು ಕೆಲಸ ಮುಗಿಸಬೇಕು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಬೇಕು. ಲೆನ್ಸನ್ನು ತಿರುಗಿಸುತ್ತ ಕೂರದೆ, ಇಡೀ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಸ್ಪಷ್ಟತೆ ಹುಡುಕಬೇಕು. ಚಿತ್ರಕ್ಕಾಗಿ ಹೂವನ್ನು ಕೀಳಬಾರದು, ಹುಳುವನ್ನು ಹಿಡಿಯಬಾರದು.

ರಾತ್ರಿಯ ಮಳೆ ನಿಂತಿತ್ತು. ಹುಲ್ಲಿನ ಎಸಳಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಹನಿಯ ಅಂಚು ಸ್ಪಷ್ಟವಾದ ಮೇಲೆ ಕ್ಯಾಮೆರಾವನ್ನು ತುಸು ಹಿಂದಕ್ಕೆ ಸರಿಸಿದೆವು. ಎದುರಿನ ಪೈನ್ ಮರಗಳು, ಬೆಟ್ಟ, ಒಂದು ಹೆಂಚಿನ ಮನೆ, ಎಲ್ಲವೂ ಹನಿಯೊಳಗೆ ತಲೆಕೆಳಗಾಗಿ ಕಂಡವು! ಹತ್ತನೆಯ ತರಗತಿಯವರು ಬಲ್ಲರು: ಹನಿಯೂ ಒಂದು ಪೀನ ಮಸೂರ, ದೂರದ ವಸ್ತುವಿನ ಪ್ರತಿಬಿಂಬವನ್ನು ಅದು ತಲೆಕೆಳಗಾಗಿಸುತ್ತದೆ.

ಸಂತೋಷದೊಡನೆ ನಮಗೆ ನಾಚಿಕೆಯೂ ಆಯಿತು. ಎರಡು ವರ್ಷದ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ 'ಮಳೆಗಾಲದ ಮುಂಜಾನೆ' ಎಂಬ ಪ್ರಬಂಧದಲ್ಲಿ, ಹುಲ್ಲಿನ ಹನಿಯೊಳಗೆ ತಮ್ಮ ಮನೆ ತಲೆಕೆಳಗಾಗಿ ನಿಂತಿತ್ತು ಎಂದು ಬರೆದಿದ್ದಳು. ನಾವು ಕೆಂಪು ಶಾಯಿಯಲ್ಲಿ ಗೀಟು ಹಾಕಿ, 'ಅಸಹಜ ಕಲ್ಪನೆ' ಎಂದು ಬರೆದು, ಒಂದು ಅಂಕ ಕಳೆದಿದ್ದೆವು. 'ಮುತ್ತಿನಂಥ ಹನಿ' ಎಂದು ಬರೆದ ಉಳಿದವರಿಗೆಲ್ಲ ಪೂರ್ಣ ಅಂಕ ಕೊಟ್ಟಿದ್ದೆವು. ಅವರು ಕೇಳಿದ್ದನ್ನು ಬರೆದಿದ್ದರು; ಅವಳು ಕಂಡದ್ದನ್ನು ಬರೆದಿದ್ದಳು.

ಅವಳು ಈಗ ಕಾಲೇಜಿನಲ್ಲಿದ್ದಾಳೆ. ಆ ಚಿತ್ರದ ಒಂದು ಪ್ರತಿಯನ್ನು ಅವಳ ಮನೆಗೆ ಕಳುಹಿಸಿ, ಹಿಂಬದಿಯಲ್ಲಿ 'ಅಂದು ನೀನು ಬರೆದದ್ದೇ ಸರಿ, ತಪ್ಪು ನಮ್ಮದು' ಎಂದು ಬರೆದೆವು.

ವಿದ್ಯಾರ್ಥಿಗಳೇ, ಇದಕ್ಕೆ ಬೆಲೆಬಾಳುವ ಲೆನ್ಸು ಬೇಕಿಲ್ಲ. ಪ್ರಯೋಗಾಲಯದ ಭೂತಗನ್ನಡಿಯೊಂದನ್ನು ಮನೆಯವರ ಮೊಬೈಲಿನ ಕ್ಯಾಮೆರಾದ ಮುಂದೆ ಹಿಡಿದರೂ ಸಾಕು. ಮುಂದಿನ ಮಳೆ ನಿಂತ ಬೆಳಿಗ್ಗೆ ಅಂಗಳದ ಒಂದು ಹನಿಯ ಮುಂದೆ ಐದು ನಿಮಿಷ ಕುಳಿತು, ಅದರಲ್ಲಿ ಕಂಡದ್ದನ್ನು ಐದು ವಾಕ್ಯಗಳಲ್ಲಿ ಬರೆದು ತನ್ನಿರಿ. ನಮ್ಮ ಕೆಂಪು ಶಾಯಿ ಈ ಸಲ ಕಾದು ನೋಡುತ್ತದೆ.